ಸಾರ್ಮ್ಸ್ ಮತ್ತು ‘ಸ್ಟೆರಾಯ್ಡ್ ಅಲ್ಲದ’ ಬಾಡಿ ಔಷಧಿಗಳು: ಜಿಮ್ ಹುಡುಗರೂ ಅವರ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಕ್ಲಿನಿಕ್ ನಡೆಸುವ ವೈದ್ಯ. ಹತ್ತು ವರ್ಷದ ಹಿಂದೆ ಜಿಮ್ ಹುಡುಗರು ಬರುತ್ತಿದ್ದದ್ದು ಭುಜ ನೋವಿಗೆ, ಬೆನ್ನು ಉಳುಕಿಗೆ. ಈಗ ರಕ್ತ ಪರೀಕ್ಷೆಯ ರಿಪೋರ್ಟ್ ಹಿಡಿದು ಬರುತ್ತಾರೆ. ಬಾಗಿಲು ಮುಚ್ಚಿದ ಮೇಲೆ ತಗ್ಗಿದ ದನಿಯಲ್ಲಿ ಅವರು ಕೇಳಿದ್ದು, ಫೋನಿನಲ್ಲಿ ಬರೆದು ಕಳಿಸಿದ್ದು, ಅವರ ಅಪ್ಪ ಅಮ್ಮ ಬಂದು ಕೇಳಿದ್ದು ಎಲ್ಲವನ್ನೂ ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಸಾರ್ಮ್ಸ್ ಅಂದ್ರೆ ಏನು ಡಾಕ್ಟ್ರೇ? ಸ್ಟೆರಾಯ್ಡ್ ಅಲ್ಲ ಅಂತಾರಲ್ಲ, ನಿಜಾನಾ?

ರಾಸಾಯನಿಕ ರಚನೆಯ ಲೆಕ್ಕದಲ್ಲಿ ನಿಜ. ಕೆಲಸದ ಲೆಕ್ಕದಲ್ಲಿ ಅರ್ಧ ಸುಳ್ಳು.

ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ ಮಾಂಸಖಂಡದ ಜೀವಕೋಶದೊಳಗಿನ ಒಂದು ಗ್ರಾಹಕಕ್ಕೆ ಹೋಗಿ ಕೂರುತ್ತದೆ. ಬೀಗಕ್ಕೆ ಕೀಲಿ ಕೂತ ಹಾಗೆ. ಆಗ ಖಂಡ ಬೆಳೆಯಬೇಕೆಂಬ ಸೂಚನೆ ಹೊರಡುತ್ತದೆ. ಅದೇ ಬೀಗ ಚರ್ಮದಲ್ಲಿ, ಪ್ರಾಸ್ಟೇಟ್‌ನಲ್ಲಿ, ಲಿವರ್‌ನಲ್ಲಿ, ಮೆದುಳಿನಲ್ಲಿಯೂ ಇದೆ. ಖಂಡ ಮತ್ತು ಮೂಳೆಯ ಬೀಗವನ್ನಷ್ಟೇ ತೆರೆದು ಉಳಿದವನ್ನು ಮುಟ್ಟದ ಕೀಲಿಯೊಂದನ್ನು ಮಾಡೋಣ ಎಂದು 1990ರ ದಶಕದ ಕೊನೆಯಲ್ಲಿ ಅಮೆರಿಕದ ವಿಜ್ಞಾನಿಗಳು ಹೊರಟರು. ಹಾಗೆ ಹುಟ್ಟಿದ್ದು ಸಾರ್ಮ್ಸ್. ಕ್ಯಾನ್ಸರ್‌ನಿಂದ ಸೊರಗಿದವರಿಗೆ, ಮೂಳೆ ಸವೆದ ವೃದ್ಧರಿಗೆ ಆಗಲಿ ಎಂಬ ಒಳ್ಳೆಯ ಉದ್ದೇಶ ಅದರ ಹಿಂದೆ ಇತ್ತು. ಆದರೆ ಪೂರಾ ಆಯ್ದು ಕೆಲಸ ಮಾಡುವ ಕೀಲಿ ಇವತ್ತಿನವರೆಗೂ ಸಿಕ್ಕಿಲ್ಲ. ಖಂಡದ ಬೀಗ ತೆರೆದದ್ದು ಉಳಿದ ಬೀಗಗಳನ್ನೂ ಅಷ್ಟಿಷ್ಟು ತಿರುಗಿಸಿಯೇ ತಿರುಗಿಸುತ್ತದೆ.

ಯಾವ ಯಾವ ಹೆಸರಲ್ಲಿ ಸಿಗುತ್ತೆ? ಮಗನ ರೂಮಲ್ಲಿ ಒಂದು ಬಾಟಲಿ ನೋಡ್ದೆ, ಅದೇನಾ ಅಂತ ಹೇಗೆ ಗೊತ್ತಾಗ್ಬೇಕು?

ಆಸ್ಟರೀನ್ ಅಥವಾ ಎಂಕೆ-2866, ಲಿಗ್ಯಾಂಡ್ರಾಲ್ ಅಥವಾ ಎಲ್‌ಜಿಡಿ-4033, ಟೆಸ್ಟೋಲೋನ್ ಅಥವಾ ಆರ್‌ಎಡಿ-140, ಆಂಡರೀನ್ ಅಥವಾ ಎಸ್-4. ಇವು ಸಾರ್ಮ್ಸ್. ಇವುಗಳ ಪಕ್ಕದಲ್ಲೇ ಕಾರ್ಡರೀನ್, ಎಂಕೆ-677 ಎಂಬ ಬೇರೆ ಜಾತಿಯ ವಸ್ತುಗಳನ್ನೂ ಸಾರ್ಮ್ಸ್ ಎಂದೇ ಹೇಳಿ ಮಾರುತ್ತಾರೆ. ಕ್ಯಾಪ್ಸೂಲ್ ಇರಬಹುದು, ಡ್ರಾಪರ್ ಇರುವ ಪುಟ್ಟ ಬಾಟಲಿ ಇರಬಹುದು.

ಹೋದ ವರ್ಷ ಒಬ್ಬ ಹುಡುಗ ನನ್ನ ಮೇಜಿನ ಮೇಲೆ ಅಂಥದೊಂದು ಬಾಟಲಿ ಇಟ್ಟ. ಕಪ್ಪು ಲೇಬಲ್, ಮೇಲೆ ದೊಡ್ಡದಾಗಿ ಅಕ್ಷರ ಮತ್ತು ಅಂಕಿ. ತಿರುಗಿಸಿ ಕನ್ನಡಕ ಹಾಕಿಕೊಂಡು ನೋಡಿದರೆ ಕೆಳಗೆ ಸಾಸಿವೆಕಾಳಿನಷ್ಟು ಸಣ್ಣ ಅಕ್ಷರದಲ್ಲಿ ‘ಸಂಶೋಧನೆಗೆ ಮಾತ್ರ, ಮನುಷ್ಯರ ಸೇವನೆಗಲ್ಲ’ ಎಂದಿತ್ತು. ತಯಾರಕರ ವಿಳಾಸ ಇರಲಿಲ್ಲ. ಬ್ಯಾಚ್ ನಂಬರ್ ಬೆರಳು ತಾಗಿದರೆ ಅಳಿಸುತ್ತಿತ್ತು. ಅವನು ಏಳು ವಾರದಿಂದ ಅದನ್ನು ದಿನಾ ಬೆಳಿಗ್ಗೆ ನಾಲಿಗೆಯ ಕೆಳಗೆ ಬಿಟ್ಟುಕೊಳ್ಳುತ್ತಿದ್ದ. ಆ ಸಣ್ಣ ಅಕ್ಷರದ ಸಾಲು ನಿಮ್ಮ ಕೈಯಲ್ಲಿರುವ ಬಾಟಲಿಯ ಮೇಲೂ ಇದ್ದರೆ ಬೇರೆ ಪುರಾವೆ ಬೇಕಿಲ್ಲ.

ಪ್ರೋಟೀನ್ ಪೌಡರ್, ಕ್ರಿಯಾಟಿನ್ ಕೂಡ ಇದೇ ಥರಾನಾ? ನಮ್ಮಮ್ಮ ಎಲ್ಲಾನೂ ಬಿಸಾಕ್ತಾರೆ.

ಅಮ್ಮನಿಗೆ ಇದನ್ನು ತೋರಿಸಿ. ವೇ ಪ್ರೋಟೀನ್ ಎಂದರೆ ಹಾಲು ಒಡೆಸಿದಾಗ ಉಳಿಯುವ ತಿಳಿನೀರಿನ ಸಾರ. ಅದು ಆಹಾರ. ಕ್ರಿಯಾಟಿನ್ ನಮ್ಮ ದೇಹವೇ ತಯಾರಿಸುವ, ಮಾಂಸ ಮೀನಿನಲ್ಲಿಯೂ ಇರುವ ವಸ್ತು. ಆರೋಗ್ಯವಂತರು ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೆ ತೊಂದರೆಯಿಲ್ಲ ಎಂಬುದು ಚೆನ್ನಾಗಿ ಪರೀಕ್ಷೆಯಾದ ವಿಷಯ. ಇವೆರಡೂ ಹಾರ್ಮೋನ್ ಅಲ್ಲ. ಕಿಡ್ನಿ ತೊಂದರೆ ಇರುವವರು ಮಾತ್ರ ತಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ನೆಗ್ಗಿಲು ಮುಳ್ಳು, ಅಶ್ವಗಂಧ ‘ನ್ಯಾಚುರಲ್ ಸ್ಟೆರಾಯ್ಡ್’ ಅಂತೆ. ಅದಾದ್ರೂ ತಗೋಬಹುದಲ್ಲ?

ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲು ಮುಳ್ಳೇ ಡಬ್ಬಿಗಳ ಮೇಲಿರುವ ಟ್ರಿಬ್ಯುಲಸ್. ವ್ಯಾಯಾಮ ಮಾಡುವ ಗಂಡಸರ ಮೇಲೆ ಪರೀಕ್ಷೆ ಮಾಡಿದಾಗ ಟೆಸ್ಟೋಸ್ಟಿರಾನ್ ಏರಲಿಲ್ಲ, ಖಂಡವೂ ಬೆಳೆಯಲಿಲ್ಲ. ಅಶ್ವಗಂಧದಿಂದ ನಿದ್ದೆಗೆ, ಆತಂಕಕ್ಕೆ ಸ್ವಲ್ಪ ಉಪಯೋಗ ಕಂಡಿದೆ. ಆದರೆ ಸಾರ ಇಳಿಸಿದ ಮಾತ್ರೆಗಳನ್ನು ತೆಗೆದುಕೊಂಡ ಕೆಲವರಲ್ಲಿ ಕಾಮಾಲೆಯಾದ ವರದಿಗಳಿವೆ. ಸಸ್ಯದಿಂದ ಬಂದದ್ದು ಎಂಬ ಕಾರಣಕ್ಕೆ ಲಿವರ್ ಯಾವುದಕ್ಕೂ ರಿಯಾಯಿತಿ ಕೊಡುವುದಿಲ್ಲ.

## ದೇಹದೊಳಗೆ ಏನಾಗುತ್ತದೆ

ಫ್ರೆಂಡ್‌ಗೆ ಎರಡೇ ತಿಂಗಳಲ್ಲಿ ಸೈಜ್ ಬಂತು. ಕೆಲಸ ಮಾಡುತ್ತೆ ತಾನೆ?

ಮಾಡುತ್ತದೆ. ಇಲ್ಲ ಎಂದು ನಾನು ಹೇಳಿದರೆ ನೀವು ನನ್ನ ಮುಂದಿನ ಮಾತನ್ನೂ ನಂಬುವುದಿಲ್ಲ, ಮತ್ತು ಅದು ಸುಳ್ಳು ಕೂಡ. ಆದರೆ ಎಷ್ಟು, ಯಾವ ಡೋಸಿಗೆ ಎಂಬುದನ್ನು ನೋಡಿ.

ಲಿಗ್ಯಾಂಡ್ರಾಲ್ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. 76 ಆರೋಗ್ಯವಂತ ಗಂಡಸರಿಗೆ 21 ದಿನ ಕೊಟ್ಟರು. ಅತಿ ಹೆಚ್ಚಿನ ಡೋಸ್ ದಿನಕ್ಕೆ 1 ಮಿಲಿಗ್ರಾಂ. ಆ ಡೋಸಿನಲ್ಲಿ ಕೊಬ್ಬಿಲ್ಲದ ತೂಕ ಸುಮಾರು 1.2 ಕಿಲೋ ಏರಿತು. ಕೊಬ್ಬು ಹೇಳಿಕೊಳ್ಳುವಂತೆ ಕರಗಲಿಲ್ಲ. ಅದೇ ಮೂರು ವಾರದಲ್ಲಿ ಅವರ ಸ್ವಂತ ಟೆಸ್ಟೋಸ್ಟಿರಾನ್ ಕುಸಿಯಿತು, ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಇಳಿಯಿತು. ನಿಲ್ಲಿಸಿದ ಮೇಲೆ ಎರಡೂ ಹಿಂದಿನ ಮಟ್ಟಕ್ಕೆ ಬಂದವು.

ಈಗ ಜಿಮ್‌ನಲ್ಲಿ ಕೈಬದಲಾಗುವ ಬಾಟಲಿ ನೋಡಿ. ಒಂದು ಡೋಸಿಗೆ 10 ಮಿಲಿಗ್ರಾಂ ಎಂದು ಬರೆದಿರುವುದು ಸಾಮಾನ್ಯ. ಅಂದರೆ ಆ ಪರೀಕ್ಷೆಯ ಗರಿಷ್ಠ ಡೋಸಿನ ಹತ್ತು ಪಟ್ಟು. ಮೂರು ವಾರವಲ್ಲ, ಎಂಟು ಹತ್ತು ವಾರ. ಜೊತೆಗೆ ಇನ್ನೊಂದು ಬಾಟಲಿ ‘ಸ್ಟಾಕ್’ ಮಾಡಿಕೊಂಡು, ಅಂದರೆ ಎರಡನ್ನೂ ಒಟ್ಟಿಗೇ ತೆಗೆದುಕೊಂಡು. ‘ಸ್ಟಡಿಯಲ್ಲಿ ಸೇಫ್ ಅಂತ ಬಂದಿದೆ’ ಎನ್ನುವವರನ್ನು ಕೇಳಬೇಕಾದ ಪ್ರಶ್ನೆ ಇದು: ಆ ಸ್ಟಡಿಯ ಡೋಸ್ ಎಷ್ಟಿತ್ತು?

ಇನ್ನೊಂದು ಮಾತು. ಆಸ್ಟರೀನ್ ಅನ್ನು ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ದೊಡ್ಡ ಪರೀಕ್ಷೆ ಮಾಡಿದರು. ಖಂಡದ ತೂಕ ಹೆಚ್ಚಿತು. ಆದರೆ ಮೆಟ್ಟಿಲು ಹತ್ತುವ ಶಕ್ತಿಯಲ್ಲಿ ಭರವಸೆ ಇಡುವಂಥ ಫಲ ಸಿಗಲಿಲ್ಲ, ಔಷಧಿಗೆ ಒಪ್ಪಿಗೆಯೂ ಸಿಗಲಿಲ್ಲ. ಸೈಜ್ ಬೇರೆ, ತಾಕತ್ತು ಬೇರೆ ಎಂದು ನಮ್ಮ ಗರಡಿ ಮನೆಯ ಉಸ್ತಾದರು ಮೊದಲಿಂದಲೂ ಹೇಳುತ್ತಿದ್ದದ್ದು ಇದನ್ನೇ.

ಇಂಜೆಕ್ಷನ್ ಇಲ್ಲ, ಬರೀ ಡ್ರಾಪ್ಸ್. ಲಿವರ್‌ಗೆ ಏನೂ ಆಗಲ್ಲ ಅಂದ್ರು ಟ್ರೇನರ್.

ಬಾಯಿಂದ ನುಂಗಿದ್ದೆಲ್ಲ ಕರುಳಿನಿಂದ ಮೊದಲು ಹೋಗುವುದೇ ಲಿವರ್‌ಗೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ಅಕ್ಟೋಬರ್‌ನಲ್ಲೇ ಸಾರ್ಮ್ಸ್ ಬಗ್ಗೆ ಎಚ್ಚರಿಸಿತು. ಲಿವರ್ ಹಾನಿಯಾಗಬಹುದು, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚಬಹುದು ಎಂದಿತು. 2023ರಲ್ಲಿ ಮತ್ತೆ ಎಚ್ಚರಿಸಿದಾಗ ಭ್ರಮೆ, ನಿದ್ರಾಭಂಗ, ಬಂಜೆತನ, ವೃಷಣ ಕುಗ್ಗುವಿಕೆಯೂ ಪಟ್ಟಿಯಲ್ಲಿದ್ದವು.

ಲಿವರ್ ಹಾನಿಯ ರೀತಿ ವೈದ್ಯಕೀಯ ವರದಿಗಳಲ್ಲಿ ಹೆಚ್ಚುಕಡಿಮೆ ಒಂದೇ. ಆರ್‌ಎಡಿ-140 ಅಥವಾ ಲಿಗ್ಯಾಂಡ್ರಾಲ್ ಕೆಲವು ವಾರ ತೆಗೆದುಕೊಂಡ ಯುವಕ. ಮೊದಲು ಸುಸ್ತು, ಊಟ ಸೇರದು. ಆಮೇಲೆ ಮೈಯೆಲ್ಲ ತುರಿಕೆ, ರಾತ್ರಿ ಜಾಸ್ತಿ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಮಲ ಬೂದಿಯಂತೆ ಬಿಳಿಚುತ್ತದೆ. ಕೊನೆಗೆ ಕಣ್ಣು ಹಳದಿ. ಪಿತ್ತರಸ ಲಿವರ್‌ನಿಂದ ಹರಿದು ಹೋಗದೆ ಒಳಗೇ ನಿಂತು ರಕ್ತಕ್ಕೆ ಸೇರುವುದರಿಂದ ಹೀಗಾಗುತ್ತದೆ.

ಮೇಲೆ ಹೇಳಿದ ಬಾಟಲಿಯ ಹುಡುಗ ಬಂದದ್ದು ತುರಿಕೆಗೆ. ‘ಬೆವರುಸಾಲೆ ಇರ್ಬೇಕು ಸರ್, ಮುಲಾಮು ಕೊಡಿ’ ಎಂದ. ಅಂಗಿಯ ತೋಳು ಮಡಿಸಿದಾಗ ಕೈತುಂಬ ಉಗುರಿನ ಗೀರು, ಕೆಲವೆಡೆ ರಕ್ತ ಹೆಪ್ಪುಗಟ್ಟಿತ್ತು. ಆದರೆ ಒಂದೇ ಒಂದು ಗುಳ್ಳೆ ಇರಲಿಲ್ಲ. ಗುಳ್ಳೆಯಿಲ್ಲದ ತುರಿಕೆ ಕಂಡರೆ ಕಣ್ಣು ನೋಡಬೇಕು. ಕಿಟಕಿ ಹತ್ತಿರ ಕರೆದುಕೊಂಡು ಹೋಗಿ ಕೆಳರೆಪ್ಪೆ ಎಳೆದೆ, ನಿಂಬೆಹಣ್ಣಿನ ಬಣ್ಣ. ಟ್ಯೂಬ್‌ಲೈಟಿನಲ್ಲಿ ಅದು ಕಾಣುವುದಿಲ್ಲ, ಹಗಲಿನ ಬೆಳಕೇ ಬೇಕು. ಅವನು ಚೇತರಿಸಿಕೊಂಡ, ಆದರೆ ತುರಿಕೆ ಪೂರ್ತಿ ನಿಲ್ಲಲು ಎರಡು ತಿಂಗಳ ಮೇಲಾಯಿತು.

ಕಾಮಾಲೆ ಆದ್ರೆ ಊರಲ್ಲಿ ಸೊಪ್ಪಿನ ಔಷಧಿ ಕೊಡ್ತಾರೆ, ಮೂರು ದಿನ ಪಥ್ಯ ಮಾಡಿದ್ರೆ ಸಾಕಲ್ವಾ?

ಇಲ್ಲಿ ಸಾಲದು. ವೈರಸ್‌ನಿಂದ ಬರುವ ಕಾಮಾಲೆಗಳಲ್ಲಿ ಹಲವು ತಾವಾಗಿಯೇ ಇಳಿಯುತ್ತವೆ, ಹೆಸರು ಸೊಪ್ಪಿಗೆ ಬರುತ್ತದೆ. ಸಾರ್ಮ್ಸ್ ಕಾಮಾಲೆಯಲ್ಲಿ ಔಷಧಿ ನಿಲ್ಲಿಸಿದ ಮೇಲೂ ಕಣ್ಣಿಗೆ ಹಳದಿ ಬಣ್ಣ ತರುವ ಬಿಲಿರುಬಿನ್ ರಕ್ತದಲ್ಲಿ ಕೆಲವು ವಾರ ಏರುತ್ತಲೇ ಇರಬಹುದು. ಅದನ್ನು ಆಗಾಗ ಅಳೆಯುತ್ತಿರಬೇಕು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಪಿಟಿ-ಐಎನ್‌ಆರ್ ಮಾಡಿಸಬೇಕು. ಮಾತು ತೊದಲಿದರೆ, ಹಗಲಲ್ಲಿ ವಿಪರೀತ ತೂಕಡಿಕೆ ಬಂದರೆ, ವಸಡಿನಿಂದ ರಕ್ತ ಬಂದರೆ ಅದೇ ಗಳಿಗೆ ದೊಡ್ಡಾಸ್ಪತ್ರೆಗೆ ಹೊರಡಬೇಕು. ಮೂರು ದಿನದ ಪಥ್ಯ ಕಾಯುವ ಹೊತ್ತಲ್ಲ ಅದು.

ಮುಂದೆ ಮಕ್ಕಳಾಗೋಕೆ ತೊಂದರೆ ಆಗುತ್ತಾ?

ಮದುವೆ ನಿಶ್ಚಯವಾದ ಮೇಲೆ ಈ ಪ್ರಶ್ನೆ ಕೇಳುವವರೇ ಜಾಸ್ತಿ. ಹೊರಗಿನಿಂದ ಹಾರ್ಮೋನಿನ ಸೂಚನೆ ಬಂದಾಗ ಮೆದುಳು ‘ಇಲ್ಲಿ ಬೇಕಾದಷ್ಟಿದೆ’ ಎಂದು ತಿಳಿದು ಪಿಟ್ಯುಟರಿ ಗ್ರಂಥಿಯಿಂದ ಹೊರಡುವ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಸೂಚನಾ ಹಾರ್ಮೋನ್‌ಗಳನ್ನು ಕಡಿಮೆ ಮಾಡುತ್ತದೆ. ವೃಷಣಗಳಿಗೆ ಕೆಲಸದ ಆದೇಶ ನಿಲ್ಲುತ್ತದೆ. ಟೆಸ್ಟೋಸ್ಟಿರಾನ್ ಇಳಿದು ವೀರ್ಯಾಣು ಕಡಿಮೆಯಾಗುತ್ತವೆ. ಆಸಕ್ತಿ ಕುಂದುವುದು, ಬೆಳಗಿನ ಉದ್ರೇಕ ನಿಲ್ಲುವುದು, ಕಾರಣವಿಲ್ಲದೆ ಮಂಕು ಕವಿಯುವುದು ಇದರ ಗುರುತು. ಹೆಚ್ಚಿನವರಲ್ಲಿ ನಿಲ್ಲಿಸಿದ ಮೇಲೆ ಮತ್ತೆ ಸರಿಹೋಗುತ್ತದೆ. ಆದರೆ ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಆದ್ದರಿಂದ ನಿಲ್ಲಿಸಿದ ಮರುವಾರವೇ ಪರೀಕ್ಷೆ ಮಾಡಿಸಿ ಎದೆ ಒಡೆದುಕೊಳ್ಳಬೇಡಿ. ಮೂರು ತಿಂಗಳು ಬಿಟ್ಟು ಮಾಡಿಸಿ.

ನನ್ನ ವಯಸ್ಸು 17. ಸ್ವಲ್ಪ ಡೋಸ್ ತಗೊಂಡ್ರೆ?

ಬೇಡ. ನಿನ್ನ ವಯಸ್ಸಿನ ಹುಡುಗರಿಗೆ ಈ ವಸ್ತುಗಳನ್ನು ಕೊಟ್ಟು ಸುರಕ್ಷಿತ ಎಂದು ತೋರಿಸಿದ ಪರೀಕ್ಷೆ ಒಂದೂ ಇಲ್ಲ. ನಿನ್ನ ದೇಹ ಈಗ ತಾನೇ ತನ್ನ ಹಾರ್ಮೋನ್ ವ್ಯವಸ್ಥೆಯನ್ನು ಕಟ್ಟಿಕೊಳ್ಳುತ್ತಿದೆ, ಆ ಹೊತ್ತಿನಲ್ಲಿ ಅದಕ್ಕೆ ‘ನಿನ್ನ ಕೆಲಸ ಬೇಡ’ ಎಂದು ಹೇಳಬೇಡ.

ಹೆಂಗಸರು ತಗೋಬಹುದಾ? ನಮ್ಮ ಜಿಮ್‌ನಲ್ಲಿ ಆಸ್ಟರೀನ್ ಲೇಡೀಸ್‌ಗೆ ಸೇಫ್ ಅಂತಾರೆ.

ಗಂಡು ಹಾರ್ಮೋನಿನ ಬೀಗವನ್ನೇ ತೆರೆಯುವ ವಸ್ತು ಅದು. ಮುಟ್ಟು ಏರುಪೇರಾಗಬಹುದು, ಮೊಡವೆ ಬರಬಹುದು, ಮುಖದ ಮೇಲೆ ಕೂದಲು ಬರಬಹುದು. ದನಿ ಗಡುಸಾದರೆ ನಿಲ್ಲಿಸಿದ ಮೇಲೂ ಹಳೆಯ ದನಿ ಬಾರದೆ ಹೋಗಬಹುದು. ಗರ್ಭಿಣಿಯಾಗುವ ಸಾಧ್ಯತೆ ಇದ್ದರಂತೂ ಮುಟ್ಟಲೇಬಾರದು. ಗರ್ಭಪಾತದ ಅಪಾಯವೂ ಎಫ್‌ಡಿಎ ಎಚ್ಚರಿಕೆಯಲ್ಲಿದೆ.

ಕಾರ್ಡರೀನ್, ಎಂಕೆ-677 ಸಾರ್ಮ್ಸ್ ಅಲ್ಲವಲ್ಲ, ಅವು ಪರವಾಗಿಲ್ವಾ?

ಕಾರ್ಡರೀನ್ ಅಂದರೆ ಜಿಡಬ್ಲ್ಯು-501516. ಕೊಲೆಸ್ಟ್ರಾಲ್ ಸರಿಪಡಿಸಲು ಹುಟ್ಟಿದ ವಸ್ತು. ಇಲಿಗಳಲ್ಲಿ ಹಲವು ಅಂಗಗಳಿಗೆ ಕ್ಯಾನ್ಸರ್ ಬಂತೆಂದು 2007ರ ಹೊತ್ತಿಗೆ ಕೈಬಿಟ್ಟರು. ತಯಾರಿಸುತ್ತಿದ್ದ ಕಂಪನಿಯೇ ಬೇಡವೆಂದು ಬಿಟ್ಟದ್ದು. 2013ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ, ಮೋಸ ಮಾಡಲು ಹೊರಟ ಕ್ರೀಡಾಪಟುಗಳನ್ನೇ ಉದ್ದೇಶಿಸಿ ಇದರ ಬಗ್ಗೆ ಎಚ್ಚರಿಕೆ ಹೊರಡಿಸಿತು. ಅಂಥ ಎಚ್ಚರಿಕೆ ಬಹಳ ಅಪರೂಪ.

ಎಂಕೆ-677 ಬೆಳವಣಿಗೆ ಹಾರ್ಮೋನ್ ಹೆಚ್ಚಿಸುತ್ತದೆ, ವಿಪರೀತ ಹಸಿವು ತರುತ್ತದೆ, ಜೊತೆಗೆ ರಕ್ತದ ಸಕ್ಕರೆ ಏರಿಸುತ್ತದೆ. ಸೊಂಟದ ಮೂಳೆ ಮುರಿದ ವೃದ್ಧರ ಮೇಲಿನ ಒಂದು ಪರೀಕ್ಷೆಯನ್ನು, ಹೃದಯ ವೈಫಲ್ಯದ ಸೂಚನೆ ಕಂಡದ್ದರಿಂದ ಅರ್ಧಕ್ಕೇ ನಿಲ್ಲಿಸಿದರು. ಅಪ್ಪನಿಗೋ ಅಮ್ಮನಿಗೋ ಸಕ್ಕರೆ ಕಾಯಿಲೆ ಇರುವ ಮನೆಯ ಹುಡುಗ ಇದನ್ನು ತೆಗೆದುಕೊಳ್ಳುವುದು ನನಗೆ ನಿಜವಾಗಿ ಭಯ ಹುಟ್ಟಿಸುತ್ತದೆ.

## ಡಬ್ಬಿ, ಮಾರಾಟ, ಕಾನೂನು

ನಂದು ಒರಿಜಿನಲ್ ಇಂಪೋರ್ಟೆಡ್ ಸರ್, ಲ್ಯಾಬ್ ರಿಪೋರ್ಟ್ ಕೂಡ ಇದೆ.

ಯಾವುದಕ್ಕೆ ಒರಿಜಿನಲ್? ಸರ್ಕಾರದ ಒಪ್ಪಿಗೆ ಪಡೆದ ಔಷಧಿಗೆ ನಕಲಿ ಮತ್ತು ಅಸಲಿ ಇರುತ್ತದೆ. ಇಲ್ಲಿ ಅಸಲಿ ಎಂಬುದೇ ಇಲ್ಲ. ಅಮೆರಿಕದಲ್ಲಿ ಇಂಟರ್‌ನೆಟ್ ಮೂಲಕ ಸಾರ್ಮ್ಸ್ ಎಂದು ಮಾರುತ್ತಿದ್ದ 44 ಉತ್ಪನ್ನಗಳನ್ನು ಕೊಂಡು ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಬಂತು. ಸಾರ್ಮ್ಸ್ ಇದ್ದದ್ದು 23ರಲ್ಲಿ, ಅಂದರೆ ಅರ್ಧದಷ್ಟರಲ್ಲಿ. ಶೇ. 39ರಲ್ಲಿ ಒಪ್ಪಿಗೆಯಿಲ್ಲದ ಬೇರೆ ಔಷಧಿಗಳಿದ್ದವು. ನಾಲ್ಕರಲ್ಲಿ ಒಂದು ಪಾಲಿನಲ್ಲಿ ಲೇಬಲ್‌ನಲ್ಲಿ ಬರೆಯದೇ ಇದ್ದ ವಸ್ತು ಸಿಕ್ಕಿತು. ಶೇ. 9ರಲ್ಲಿ ಏನೂ ಇರಲಿಲ್ಲ. ಬರೆದ ವಸ್ತು ಬರೆದ ಪ್ರಮಾಣದಲ್ಲೇ ಇದ್ದದ್ದು ಶೇ. 41ರಲ್ಲಿ ಮಾತ್ರ. ಬಾಟಲಿ ಜೊತೆ ಬಂದ ಲ್ಯಾಬ್ ರಿಪೋರ್ಟನ್ನು ಕೊಟ್ಟವರು ಮಾರುವವರೇ ಎಂಬುದನ್ನೂ ನೆನಪಿಡಿ.

ನಮ್ಮ ದೇಶದಲ್ಲಿ ಇದು ಲೀಗಲ್ಲಾ?

ಭಾರತದಲ್ಲಿ ಯಾವ ಸಾರ್ಮ್ ಕೂಡ ಔಷಧಿಯಾಗಿ ಒಪ್ಪಿಗೆ ಪಡೆದಿಲ್ಲ. ಆಹಾರ ಪೂರಕವಾಗಿಯೂ ಮಾರುವಂತಿಲ್ಲ. ಪೂರಕಗಳಲ್ಲಿ ಹಾರ್ಮೋನ್, ಸ್ಟೆರಾಯ್ಡ್ ಸೇರಿಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮವೇ ಹೇಳುತ್ತದೆ. ಆ ‘ಸಂಶೋಧನೆಗೆ ಮಾತ್ರ’ ಎಂಬ ಸಾಲು ಹುಟ್ಟಿದ್ದು ಇಂಥ ಕಾನೂನುಗಳಿಂದ ನುಣುಚಿಕೊಳ್ಳಲು. ನಾಳೆ ನಿಮಗೆ ಏನಾದರೂ ಆದರೆ ‘ಕುಡಿಯಿರಿ ಎಂದು ನಾವು ಹೇಳಿರಲಿಲ್ಲ’ ಎನ್ನಬಹುದಲ್ಲ. ಡಬ್ಬಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಕಂಡರೂ ಅದು ತಯಾರಕರ ಲೈಸೆನ್ಸ್ ನಂಬರ್ ಅಷ್ಟೆ, ಒಳಗಿನದ್ದನ್ನು ಯಾರೋ ಪರೀಕ್ಷಿಸಿದ್ದಾರೆ ಎಂದಲ್ಲ.

## ಈಗಾಗಲೇ ತೆಗೆದುಕೊಂಡವರಿಗೆ

ನಾಲ್ಕು ವಾರ ಆಯ್ತು. ಒಮ್ಮೆಲೇ ನಿಲ್ಲಿಸಬಹುದಾ, ಇಲ್ಲ ನಿಧಾನಕ್ಕೆ ಇಳಿಸಬೇಕಾ?

ಒಮ್ಮೆಲೇ ನಿಲ್ಲಿಸಿ. ಇಂದೇ. ಆಸ್ತಮಾಕ್ಕೆ, ಕೀಲುವಾತಕ್ಕೆ ವೈದ್ಯರು ಕೊಡುವ ಸ್ಟೆರಾಯ್ಡ್ ಬೇರೆ ಜಾತಿ. ಅದನ್ನು ಬಹಳ ದಿನ ತೆಗೆದುಕೊಂಡಿದ್ದರೆ ನಿಧಾನಕ್ಕೆ ಇಳಿಸಬೇಕು. ಆ ನಿಯಮವನ್ನು ಇಲ್ಲಿಗೆ ತರಬೇಡಿ. ನಿಲ್ಲಿಸಿದ ಮೇಲೆ ಕೆಲವು ವಾರ ಸುಸ್ತು, ಬೇಸರ ಇರಬಹುದು. ಖಂಡ ಸ್ವಲ್ಪ ಇಳಿಯುವುದನ್ನು ಕನ್ನಡಿಯಲ್ಲಿ ನೋಡುವುದು ಎಷ್ಟು ಕಷ್ಟವೆಂದು ಹಲವರು ನನ್ನೆದುರು ಕಣ್ಣೀರು ಹಾಕಿ ಹೇಳಿದ್ದಾರೆ. ಆ ಮಂಕು ಎರಡು ವಾರ ಮೀರಿದರೆ, ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ, ಒಬ್ಬರೇ ಇರಬೇಡಿ. ಮನೆಯವರಲ್ಲಿ ಒಬ್ಬರಿಗೆ ಹೇಳಿ ಅಥವಾ ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಪಿಸಿಟಿ ಮಾಡಿದ್ರೆ ಎಲ್ಲಾ ಸರಿಹೋಗುತ್ತಂತೆ. ಟ್ಯಾಮೊಕ್ಸಿಫೆನ್ ಮೆಡಿಕಲ್‌ನಲ್ಲಿ ಸಿಗುತ್ತೆ.

‘ಸೈಕಲ್’, ಅಂದರೆ ಸಾರ್ಮ್ಸ್ ತೆಗೆದುಕೊಳ್ಳುವ ಕೆಲವು ವಾರಗಳ ಸುತ್ತು ಮುಗಿದ ಮೇಲೆ ತೆಗೆದುಕೊಳ್ಳುವ ಮಾತ್ರೆಗಳಿಗೆ ಜಿಮ್ ಭಾಷೆಯಲ್ಲಿ ಪಿಸಿಟಿ ಎನ್ನುತ್ತಾರೆ. ಟ್ಯಾಮೊಕ್ಸಿಫೆನ್ ಸ್ತನ ಕ್ಯಾನ್ಸರ್‌ನ ಔಷಧಿ, ರಕ್ತನಾಳದಲ್ಲಿ ಹೆಪ್ಪು ಕಟ್ಟಿಸಬಲ್ಲದು. ಕ್ಲೋಮಿಫೀನ್ ಮಕ್ಕಳಾಗದ ಹೆಂಗಸರಿಗೆ ಕೊಡುವುದು, ದೃಷ್ಟಿ ಮಂಜಾಗಿಸಬಲ್ಲದು. ತಜ್ಞರು ರಕ್ತ ಪರೀಕ್ಷೆ ನೋಡಿ ಕೆಲವರಿಗೆ ಇವನ್ನು ಕೊಡುವುದುಂಟು. ಆದರೆ ಲಿವರ್ ಈಗಾಗಲೇ ನೊಂದಿರುವಾಗ ಅಂದಾಜಿನ ಮೇಲೆ ಇನ್ನೊಂದು ಔಷಧಿ ಸುರಿಯುವುದು, ಗಾಯಕ್ಕೆ ಉಪ್ಪು ಹಚ್ಚಿ ನೋಡೋಣ ಎಂದಂತೆ.

ಡಾಕ್ಟರ್ ಹತ್ರ ಹೇಳಿದ್ರೆ ಮನೇಲಿ ಗೊತ್ತಾಗುತ್ತೆ, ಪೊಲೀಸ್ ಕೇಸ್ ಆಗುತ್ತಾ?

ನೀವು ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ತೆಗೆದುಕೊಂಡಿದ್ದಕ್ಕೆ ನಿಮ್ಮನ್ನು ಯಾವ ವೈದ್ಯರೂ ಪೊಲೀಸರಿಗೆ ಒಪ್ಪಿಸುವುದಿಲ್ಲ. ಹೇಳದೇ ಇದ್ದರೆ ಹೆಪಟೈಟಿಸ್ ಎ, ಬಿ, ಸಿ, ಇ, ಪಿತ್ತಕೋಶದ ಕಲ್ಲು ಎಂದು ಒಂದೊಂದೇ ಪರೀಕ್ಷೆ ಮಾಡಿಸುತ್ತ ದುಡ್ಡೂ ದಿನವೂ ಹೋಗುತ್ತವೆ. ಬಾಟಲಿಯನ್ನು ಬಿಸಾಡದೆ ತನ್ನಿ.

## ರಿಪೋರ್ಟ್ ಓದುವವರಿಗೆ, ಸ್ಪರ್ಧೆಗೆ ಇಳಿಯುವವರಿಗೆ

ಎಸ್‌ಜಿಪಿಟಿ, ಎಸ್‌ಜಿಒಟಿ ಜಾಸ್ತಿ ಬಂದಿದೆ. ಲಿವರ್ ಹೋಯ್ತಾ?

ಗಾಬರಿಯಾಗುವ ಮೊದಲು ಒಂದು ಪ್ರಶ್ನೆ: ರಕ್ತ ಕೊಡುವ ಹಿಂದಿನ ದಿನಗಳಲ್ಲಿ ಭಾರ ಎತ್ತಿದ್ದಿರಾ? ಈ ಎರಡೂ ಎನ್‌ಜೈಮ್‌ಗಳು ಮಾಂಸಖಂಡದಲ್ಲಿಯೂ ಇವೆ. ಕಾಲಿನ ವ್ಯಾಯಾಮ ಗಟ್ಟಿಯಾಗಿ ಮಾಡಿದರೆ ಒಂದು ವಾರದವರೆಗೂ ಏರಿರಬಹುದು. ಆಗ ಖಂಡದ ಎನ್‌ಜೈಮ್ ಸಿಪಿಕೆ ಕೂಡ ಏರಿರುತ್ತದೆ, ಆದರೆ ಲಿವರ್‌ನ ಎನ್‌ಜೈಮ್ ಜಿಜಿಟಿ ಮತ್ತು ಬಿಲಿರುಬಿನ್ ಸರಿಯಿರುತ್ತವೆ. ಲಿವರ್‌ನದೇ ತೊಂದರೆಯಾದರೆ ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ಏರುತ್ತವೆ. ಆದ್ದರಿಂದ ಲಕ್ಷಣಗಳೇನೂ ಇಲ್ಲದಿದ್ದರೆ ಒಂದು ವಾರ ಜಿಮ್ ಬಿಟ್ಟು ಮತ್ತೆ ಮಾಡಿಸಿ. ಕಣ್ಣು ಹಳದಿಯಾಗಿದ್ದರೆ ಕಾಯಬೇಡಿ. ಕ್ರಿಯಾಟಿನ್ ತೆಗೆದುಕೊಳ್ಳುವವರಲ್ಲಿ ಕಿಡ್ನಿ ಪರೀಕ್ಷೆಯ ಅಂಕಿಯಾದ ಕ್ರಿಯಾಟಿನೀನ್ ತುಸು ಏರಿ ಕಾಣುವುದುಂಟು, ಅಷ್ಟಕ್ಕೇ ಕಿಡ್ನಿ ಹೋಯಿತೆಂದಲ್ಲ. ಲ್ಯಾಬಿನವರಿಗಲ್ಲದಿದ್ದರೂ ವೈದ್ಯರಿಗೆ ಹೇಳಿ.

ಟೆಸ್ಟೋಸ್ಟಿರಾನ್ ಮಾಡಿಸುವುದಾದರೆ ಬೆಳಿಗ್ಗೆ 10ರೊಳಗೆ ಖಾಲಿ ಹೊಟ್ಟೆಯಲ್ಲಿ ಕೊಡಿ, ಜೊತೆಗೆ ಎಲ್‌ಎಚ್, ಎಫ್‌ಎಸ್‌ಎಚ್ ಮಾಡಿಸಿ. ಸಂಜೆ ತೆಗೆದ ರಕ್ತದಲ್ಲಿ ಅಂಕಿ ಸಹಜವಾಗಿಯೇ ಕಡಿಮೆ ಇರುತ್ತದೆ.

ನಾನು ರಾಜ್ಯ ಮಟ್ಟಕ್ಕೆ ಆಡ್ತೀನಿ. ಸ್ಪರ್ಧೆಗೆ ಒಂದು ತಿಂಗಳು ಮುಂಚೆ ಬಿಟ್ರೆ ಸಿಕ್ಕಿಬೀಳಲ್ಲ ತಾನೆ?

ವಾಡಾ ನಿಷೇಧ ಸ್ಪರ್ಧೆಯ ದಿನಕ್ಕಷ್ಟೇ ಅಲ್ಲ, ವರ್ಷವಿಡೀ. 2008ರಿಂದ ಸಾರ್ಮ್ಸ್ ಆ ಪಟ್ಟಿಯಲ್ಲಿವೆ. ಬಹಳ ಸಣ್ಣ ಪ್ರಮಾಣವನ್ನೂ ಇಂದಿನ ಯಂತ್ರಗಳು ಮೂತ್ರದಲ್ಲಿ ವಾರಗಟ್ಟಲೆ ಆದ ಮೇಲೂ ಹಿಡಿಯುತ್ತವೆ. ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಅವರಿಂದ 2022ರ ಡಿಸೆಂಬರ್‌ನಲ್ಲಿ ಸ್ಪರ್ಧೆಯ ಹೊರಗೆ ಪಡೆದ ಮಾದರಿಗಳಲ್ಲಿ ಸಾರ್ಮ್ಸ್ ಸಿಕ್ಕಿ ನಾಲ್ಕು ವರ್ಷದ ನಿಷೇಧವಾಯಿತು. ಲಿಗ್ಯಾಂಡ್ರಾಲ್‌ಗೆ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಜೊಕಿಮ್ ನೋವಾ 2017ರಲ್ಲಿ 20 ಪಂದ್ಯ ಕಳೆದುಕೊಂಡರು.

ನಾನು ತಗೊಂಡೇ ಇಲ್ಲ, ಪ್ರೀ-ವರ್ಕೌಟ್ ಡಬ್ಬಿಯಲ್ಲಿ ಬೆರೆಸಿದ್ರೆ ನನ್ನ ತಪ್ಪಾ?

ನಿಯಮದ ಪ್ರಕಾರ ನಿಮ್ಮ ದೇಹದೊಳಗೆ ಏನು ಸಿಕ್ಕರೂ ಹೊಣೆ ನಿಮ್ಮದೇ. ಬೇಕೆಂದು ತೆಗೆದುಕೊಂಡದ್ದಲ್ಲ ಎಂದು ಒಪ್ಪಿಸಿದರೆ ಶಿಕ್ಷೆ ಇಳಿಯಬಹುದು, ಆದರೆ ಸುಲಭದಲ್ಲಿ ಬಿಟ್ಟುಬಿಡುವುದಿಲ್ಲ. ಆಸ್ಟ್ರೇಲಿಯಾದ ಈಜುಗಾರ್ತಿ ಶೇನಾ ಜ್ಯಾಕ್ 2019ರಲ್ಲಿ ಸಿಕ್ಕಿಬಿದ್ದಾಗ, ಅವರು ಬೇಕೆಂದು ತೆಗೆದುಕೊಂಡಿಲ್ಲ ಎಂದು ತೀರ್ಪುಗಾರರೇ ಒಪ್ಪಿದರು. ಆದರೂ ಎರಡು ವರ್ಷ ನೀರಿಗಿಳಿಯುವಂತಿರಲಿಲ್ಲ. ಆದ್ದರಿಂದ ಪ್ರತಿ ಬ್ಯಾಚನ್ನೂ ನಿಷೇಧಿತ ವಸ್ತುಗಳಿಗಾಗಿ ಹೊರಗಿನ ಸಂಸ್ಥೆಯಲ್ಲಿ ಪರೀಕ್ಷಿಸಿದ ಗುರುತಿರುವ ಪೂರಕವನ್ನೇ ಕೊಳ್ಳಿ. ಬಿಲ್ ಇಟ್ಟುಕೊಳ್ಳಿ. ಬ್ಯಾಚ್ ನಂಬರ್ ಕಾಣುವಂತೆ ಡಬ್ಬಿಯ ಫೋಟೋ ತೆಗೆದಿಡಿ. ಪ್ರತಿ ಡಬ್ಬಿಯ ತಳದಲ್ಲಿ ಒಂದೆರಡು ಸ್ಕೂಪ್ ಉಳಿಸಿ, ಮುಚ್ಚಳ ಬಿಗಿದು, ತಾರೀಕು ಬರೆದು ಬೀರುವಿನಲ್ಲಿಡಿ.